ಜೋಯಿಡಾದಲ್ಲಿ ಕೇಳಿದ ಪ್ರಶ್ನೆ

ಧಾರವಾಡದಲ್ಲಿ ಅಂತರರಾಷ್ಟ್ರೀಯ ಸಂಬಂಧಗಳನ್ನು ಓದುತ್ತಿದ್ದೆ. ಆಗಷ್ಟೇ ಸ್ವತಂತ್ರವಾಗುತ್ತಿದ್ದ ಆಫ್ರಿಕಾದ ದೇಶಗಳಿಗೆ ಹೋಗಿ ಅಭಿವೃದ್ಧಿ ಕೆಲಸ ಮಾಡಬೇಕೆಂಬ ಚಡಪಡಿಕೆ; ಅದಕ್ಕೆಂದೇ ಫ್ರೆಂಚ್ ಬೇರೆ ಕಲಿಯುತ್ತಿದ್ದೆ.

“ಮೊದಲ ಇಲ್ಲೇ ಕಾಡಿನಾಗಿನ ಜೋಯಿಡಾಕ್ಕ ಹೋಗು. ಜನಕ್ಕ ಏನ ಬೇಕಂತ ಕೇಳ್ಕೊಂಡು ಬಾ,” ಎಂದು ನಮ್ಮ ಪ್ರೊಫೆಸರು ಅಟ್ಟಿದರು.

ಅಲ್ಲಿ ಮೊದಲ ಮನೆಯ ಹೆಂಗಸು ಕೊಂಕಣಿಯಲ್ಲಿ ಒಂದೇ ಸಮನೆ ಮಾತಾಡಿದಳು. ಕಣ್ಣು ತುಂಬಿತ್ತು. ನನಗೆ ಒಂದಕ್ಷರವೂ ತಿಳಿಯದೆ, ನಾನು ಬಂದಿದ್ದ ಬಸ್ಸಿನ ಕಂಡಕ್ಟರನನ್ನು ಕರೆತಂದೆ.

“ಏನಂತಾರ್ರಿ ಇವರು?”

“ಸೂಲಗಿತ್ತಿ ಹಳ್ಳದಾಚಿ ಇರ್ತಾಳಂತ್ರೀ. ಮಳಿಗಾಲದಾಗ ದಾಟಾಕ ಆಗದ, ಇವರ ಮಗಳು ಹೆರಿಗ್ಯಾಗ ತೀರಿಕೊಂಡ್ಳಂತ. ಒಂದು ಸಣ್ಣ ಸೇತುವಿ ಬೇಕಂತಾರ.”

ತಲೆ ಎತ್ತದೆ ಬರೆದುಕೊಂಡೆ. ಆಕೆ ಮತ್ತೇನೋ ಕೇಳಿದಳು. ಕಂಡಕ್ಟರ್ ಹಿಂದೆಮುಂದೆ ನೋಡಿದ.

“ನೀವು ಯಾವ ದೇಶದವರಂತ ಕೇಳಾಕತ್ತಾರ್ರೀ.”

ಧಾರವಾಡ ಅಲ್ಲಿಂದ ಅರ್ಧ ದಿನದ ದಾರಿ. ಹಾಗೆಂದು ಹೇಳಲು ನನಗೆ ನಾಚಿಕೆಯಾಯಿತು.