ಎಲ್ಲರನ್ನೂ ಕೂಡ್ರಿಸಿದ ಅಕ್ಕಾರು

ಅಕ್ಕಾರ ಎಡಗಾಲಿನ ಬೂಟಿಗೆ ಇದ್ದದ್ದು ಲೇಸಲ್ಲ, ನಮ್ಮ ಮಗ್ಗದ ಕೆಂಪು ನೂಲು. ಲೇಸು ಹರಿದ ದಿನ ಅವರು ನಮ್ಮ ಓಣಿಯಲ್ಲಿದ್ದರು. ಯಾರೋ ನಾಲ್ಕೆಳೆ ಹೊಸೆದು ಕೊಟ್ಟರು, ಇವರು ಕಟ್ಟಿಕೊಂಡರು, ಆಮೇಲೆ ಬದಲಿಸುವ ಗೋಜಿಗೇ ಹೋಗಲಿಲ್ಲ. ಖಾಕಿ ಪ್ಯಾಂಟು, ಮಿರಮಿರ ಮಿಂಚುವ ಕರಿ ಬೂಟು, ಅದರ ಮೇಲೊಂದು ಕುಂಕುಮಗೆಂಪಿನ ಗಂಟು. ಸಾಹೇಬರು ಬಂದಾಗ ಮಾತ್ರ ಎಡಗಾಲನ್ನು ಬಲಗಾಲಿನ ಹಿಂದೆ ಸರಿಸಿಕೊಂಡು ನಿಲ್ಲುತ್ತಿದ್ದರು.

ಅವರು ಬೀಟ್ ಪೊಲೀಸರು. ಬನಹಟ್ಟಿಯ ನಮ್ಮ ನೇಕಾರ ಓಣಿ ಮತ್ತು ಹತ್ತಿರದ ಕೆಲವು ಹಳ್ಳಿಗಳನ್ನು ಕಾಯುವ ಕೆಲಸ ಅವರ ಪಾಲಿಗೆ ಬಂದಿತ್ತು. ಸಾಲಿ ಕಲಿಸುವವರನ್ನು ಅಕ್ಕಾರು ಎನ್ನುವ ಹಾಗೆ ನಾವು ಇವರನ್ನು ಪೊಲೀಸ್ ಅಕ್ಕಾರು ಎಂದೆವು. ಹುನ್ನೂರ ಕಡೆಯ ರೈತರ ಮಗಳು. ದನಿ ದೊಡ್ಡದು, ಸಿಟ್ಟು ಸಣ್ಣದು.

ಅವರು ಬಂದ ಹೊಸದರಲ್ಲೇ ಓಣಿಯ ಬಾಯಿಗೆ ಕ್ಯಾಮೆರಾ ಕಂಬ ನಿಲ್ಲಿಸಿದರು. ನಮ್ಮವರಿಗೆ ಕಂಬ ಕಂಡರೆ ಸಾಕು, ಹಗ್ಗ ಕಟ್ಟುತ್ತಾರೆ. ಹಗ್ಗ ಕಟ್ಟಿದ ಮೇಲೆ ಬಣ್ಣ ಹಾಕಿದ ನೂಲನ್ನು ಒಣಗಲು ಹಾಕದೆ ಬಿಡುತ್ತಾರೆಯೇ? ಮರುದಿನವೇ ಅಕ್ಕಾರು ಏದುಸಿರು ಬಿಡುತ್ತ ಬಂದರು. "ಅಲ್ರೀ, ಠಾಣೇದಾಗ ಕುಂತು ನೋಡಿದ್ರ ನಿಮ್ಮ ಓಣಿ ತುಂಬ ಬರೇ ಕೆಂಪ! ಎದಿ ಧಸಕ್ ಅಂತು ನಂಗ." ನಮಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಬೈಯುತ್ತಾರೆಂದು ಕಾದೆವು, ಬೈಯಲಿಲ್ಲ; ನೂಲು ಒಣಹಾಕಲು ಬೇರೆ ಕಂಬ ಹುಡುಕಿ ತಾವೇ ಹಗ್ಗದ ಒಂದು ತುದಿ ಹಿಡಿದರು. "ಕ್ಯಾಮೆರಾ, ಕಳ್ಳ ಬಂದು ಹೋದ ಮ್ಯಾಲೆ ಹೇಳ್ತೈತ್ರಿ. ನೀವು ಅಂವ ಬರೂಮುಂದನ ಹೇಳಬೇಕು" ಎಂದರು.

ಹಾಗೆ ಹೇಳಿಸಿಕೊಳ್ಳಲೆಂದೇ ಫೋನಿನಲ್ಲಿ ಒಂದು ಗುಂಪು ಕಟ್ಟಿದ್ದರು. ಅವರ ಬೀಟಿನ ಮನೆಮನೆಯವರೂ ಅದರಲ್ಲಿದ್ದರು. ಬೇರೆ ಪೊಲೀಸರು ಎಚ್ಚರಿಕೆಯ ಬರಹ ಕಳಿಸಿದರೆ ಇವರು ದಿನಾ ಬೆಳಗ್ಗೆ ತಮ್ಮ ದನಿಯನ್ನೇ ಕಳಿಸುತ್ತಿದ್ದರು. "ಎಲ್ಲಾರದೂ ನಾಷ್ಟಾ ಆತೇನ್ರಿ? ಡೇರಿ ಕಾಕಾ, ಮೊಣಕಾಲು ಹ್ಯಾಂಗೈತಿ?" ಎಂಬಷ್ಟೇ ಮಾತು. ಡೇರಿ ಕಾಕಾ ಎಂದರೆ ಬೀಟಿನ ಹಳ್ಳಿಯೊಂದರಲ್ಲಿ ಹಾಲಿನ ಡೇರಿ ನೋಡಿಕೊಳ್ಳುವ ಹಿರಿಯರು. ಓಣಿಯ ಹುಡುಗರು ಅದನ್ನು ಅಣಕಿಸಿ ನಗುತ್ತಿದ್ದರು. ಕಳ್ಳರನ್ನು ಹಿಡಿಯುವುದು ಬಿಟ್ಟು ನಾಷ್ಟಾ ಕೇಳುತ್ತೀರಲ್ಲ ಎಂದು ನಾನೂ ಕೆಣಕಿದ್ದೆ. "ಬರದದ್ದು ಯಾರ್ ಓದ್ತಾರ ಯವ್ವಾ? ದನಿ ಗುರ್ತ ಇರ್ಲಿ" ಎಂದಿದ್ದರು.

ಇನ್ನೊಂದು ಅವರ ಖಾಸಾ ಪದ್ಧತಿ: ಜಗಳ ಎಲ್ಲೇ ಇರಲಿ, ಮೊದಲು ಎಲ್ಲರನ್ನೂ ಕೂಡ್ರಿಸುವುದು. ಗೋಡೆಗಾಗಿ ಹೊಡೆದಾಡುತ್ತಿದ್ದ ಅಣ್ಣತಮ್ಮಂದಿರನ್ನು ಅದೇ ಗೋಡೆಗೆ ಆನಿಸಿ ಕೂಡ್ರಿಸಿ ಚಹಾ ತರಿಸಿದ್ದನ್ನು ನಾನೇ ನೋಡಿದ್ದೇನೆ. "ನಿಂತ್ರ ಕೈ ಜೋರ್ ಬರ್ತಾವ. ಕುಂತ್ರ ಬರೇ ಬಾಯಿ ನಡೀತೈತಿ, ನಡೀಲಿ ಬಿಡ್ರಿ" ಎನ್ನುತ್ತಿದ್ದರು.

ಈಗ ನಮ್ಮಣ್ಣನ ವಿಷಯಕ್ಕೆ ಬರಬೇಕು. ಪವರ್‌ಲೂಮಿನ ಸದ್ದಿನಲ್ಲೇ ವಯಸ್ಸು ಕಳೆದವನು, ಕಿವಿ ಪೂರಾ ಹೋಗಿದೆ. ತನಗೆ ಕೇಳುವುದಿಲ್ಲವಾದ್ದರಿಂದ ಯಾರಿಗೂ ಕೇಳುವುದಿಲ್ಲ ಎಂದುಕೊಂಡು ಒದರುತ್ತಾನೆ, ಇಲ್ಲವೇ ಮಗ್ಗದವರ ಕೈಸನ್ನೆ ಮಾಡುತ್ತಾನೆ. ಕಿವಿಗೆ ಕೊಡಿಸಿದ ಮಶೀನು ಕಿಟಕಿಯಲ್ಲಿ ಕೂತಿರುತ್ತದೆ. ಅವನಿಗೊಂದು ಚಟವಿದೆ. ಯಾರ ಬಟ್ಟೆಯಲ್ಲೇ ಆಗಲಿ ಒಂದು ಎಳೆ ಜೋತಾಡಿದರೆ ಕೈ ಸುಮ್ಮನಿರುವುದಿಲ್ಲ, ಬಗ್ಗಿ ಹಲ್ಲಿನಿಂದ ಕಡಿದುಬಿಡುತ್ತಾನೆ. ಒಮ್ಮೆ ಅಕ್ಷತೆ ಬೀಳುವ ಹೊತ್ತಿಗೆ ಮದುಮಗನ ಕೋಟಿಗೇ ಬಾಯಿ ಹಾಕಿದ್ದ. ನೇಕಾರರಿಗೆ ಇದು ವಿಚಿತ್ರವಲ್ಲ.

ಹೊರಗಿನವರಿಗೆ ವಿಚಿತ್ರ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ದಿನಗಳವು. ಅಣ್ಣ ಸೀರೆ ಗಂಟು ಹೊತ್ತು ಅಕ್ಕಾರ ಬೀಟಿನದೇ ಒಂದು ಹಳ್ಳಿಗೆ ಹೋಗಿದ್ದ. ಹಳ್ಳಿಯ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಈಗಲೂ ನಮ್ಮ ಸೀರೆ ಉಡುತ್ತಾರೆ. ಅಲ್ಲಿ ಒಬ್ಬ ಹುಡುಗಿಯ ಫ್ರಾಕಿನ ಅಂಚಿನಿಂದ ಎಳೆಯೊಂದು ಇಳಿಬಿದ್ದಿತ್ತು. ಅಣ್ಣ ಸನ್ನೆ ಮಾಡಿ ಕರೆದ, ಹತ್ತಿರ ಎಳೆದುಕೊಂಡು ಬಗ್ಗಿದ. ಹುಡುಗಿ ಚೀರಿತು. ಮಂದಿ ಮುತ್ತಿಕೊಂಡು ಯಾವ ಊರು, ಯಾರ ಮಗ ಎಂದು ಕೇಳಿದರೆ ಇವನು ಕೈಸನ್ನೆ ಮಾಡುತ್ತಾನೆ! ಬಿತ್ತು ಮೊದಲ ಏಟು.

ಅಕ್ಕಾರು ಆಗ ನಮ್ಮ ಕಟ್ಟೆಯ ಮೇಲೆ ಹೆಂಗಸರ ನಡುವೆ ಕೂತಿದ್ದರು. ಅವರ ಫೋನಿನ ಗುಂಪಿಗೆ ಆ ಹಳ್ಳಿಯಿಂದ ಫೋಟೋ ಬಂತು: 'ಮಕ್ಕಳ ಕಳ್ಳ ಸಿಕ್ಕಾನ.' ಪಕ್ಕದಲ್ಲಿದ್ದ ನಾನು ಬಗ್ಗಿ ನೋಡಿದೆ. ಫೋಟೋದಲ್ಲಿ ಹರಿದಿದ್ದ ಆ ಅಂಗಿಯನ್ನು ಬೆಳಗ್ಗೆ ನಾನೇ ಇಸ್ತ್ರಿ ಮಾಡಿ ಕೊಟ್ಟಿದ್ದೆ. "ನಮ್ಮ ಅಣ್ಣ ರೀ ಇಂವ!" ಎಂದು ಚೀರಿದೆ.

"ಗಾಡಿ ತಗೀ" ಎಂದರು ಅಕ್ಕಾರು. ನಾನು ಸ್ಕೂಟರ್ ಓಡಿಸಿದೆ, ಅವರು ಹಿಂದೆ ಕೂತು ಫೋನ್ ಹಚ್ಚಿದರು. ಆ ಠಾಣೆಗೆ, ಈ ಠಾಣೆಗೆ ಹೇಳಿದರು. ಜೀಪು ಬರುವುದಕ್ಕೆ ಹೊತ್ತು ಹಿಡಿಯುತ್ತದೆಂದು ಗೊತ್ತಾಯಿತು. ಆಮೇಲೆ ಆ ಹಳ್ಳಿಯಲ್ಲಿ ಹನುಮಪ್ಪನ ಗುಡಿಯೆದುರು ಕಿರಾಣಿ ಅಂಗಡಿ ಇಟ್ಟಿದ್ದ ಹೆಂಗಸಿಗೆ ಹಚ್ಚಿದರು. "ಯವ್ವಾ, ಗುಡಿ ಮೈಕ್ ಹಚ್ಚು. ನಿನ್ನ ಫೋನ್ ಅದರ ಮುಂದ ಹಿಡಿ. ಓಡು." ಮುಂದೆ ದಾರಿಯುದ್ದಕ್ಕೂ ನನ್ನ ಬೆನ್ನ ಹಿಂದಿನಿಂದ ಅವರ ದನಿ ಬರುತ್ತಲೇ ಇತ್ತು. ಬೆದರಿಕೆಯಿಲ್ಲ, ಕಾನೂನಿನ ಮಾತಿಲ್ಲ. "ನಾ ನಿಮ್ಮ ಅಕ್ಕಾರು ಮಾತಾಡಾಕತ್ತೇನಿ. ಬರಾಕತ್ತೇನಿ. ಎಲ್ಲಾರೂ ಕೂಡ್ರಿ. ಡೇರಿ ಕಾಕಾ, ನೀವು ಮೊದಲ ಕೂಡ್ರಿ, ಮೊಣಕಾಲು ನೋವೈತಿ ನಿಮಗ. ಕೂಡ್ರಿ ಕಾಕಾ. ಆ ಮನಷ್ಯಾಗ ಕಿವಿ ಕೇಳ್ಸೂದಿಲ್ಲ. ಬನಹಟ್ಟಿ ನೇಕಾರ ಅಂವ. ಅಂವಗೂ ಕೂಡ್ರಸ್ರಿ, ನೀರ್ ಕೊಡ್ರಿ." ನಾನು ಅಳುತ್ತ ಗಾಡಿ ಓಡಿಸುತ್ತಿದ್ದೆ. ಅಣ್ಣ ಜೀವಂತ ಸಿಗಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಊರು ಮುಟ್ಟಿದಾಗ ಕಂಡದ್ದನ್ನು ನೆನೆದರೆ ಈಗಲೂ ಮೈ ಹಗುರಾಗುತ್ತದೆ. ಗುಡಿಯ ಮುಂದೆ ಮಂದಿಗೆ ಮಂದಿಯೇ ನೆಲದ ಮೇಲೆ ಕೂತಿತ್ತು. ಒಬ್ಬನ ಕೈಯಲ್ಲಿ ಬಡಿಗೆ ಹಾಗೇ ಇತ್ತು, ಆದರೆ ಅವನೂ ಕೂತಿದ್ದ. ಡೇರಿ ಕಾಕಾ ಮೊದಲು ಕೂತರಂತೆ, ಹಿರಿಯರು ಕೂತ ಮೇಲೆ ಉಳಿದವರು ಹೇಗೆ ನಿಲ್ಲುತ್ತಾರೆ? ನಡುವೆ ನಮ್ಮಣ್ಣ, ತುಟಿ ಒಡೆದಿದೆ, ಕೈಯಲ್ಲಿ ನೀರಿನ ತಂಬಿಗೆ. ಮೈಕಿನ ಒಂದು ಮಾತೂ ಅವನ ಕಿವಿಗೆ ಬಿದ್ದಿರಲಿಲ್ಲ. ಹೊಡೆಯುತ್ತಿದ್ದವರು ಇದ್ದಕ್ಕಿದ್ದಂತೆ ಯಾಕೆ ಕೂತರೆಂದು ತಿಳಿಯದೆ ಕಂಗಾಲಾಗಿದ್ದ. ನನ್ನನ್ನು ಕಂಡವನೇ ಗುಡಿ ನಡುಗುವ ಹಾಗೆ ಒದರಿದ: "ಎಲ್ಲಾರೂ ಸುಮ್ಮ ಕುಂತಾರಲ್ಲ, ಯಾರ್ ತೀರಕೊಂಡಾರ?"

ತೀರಿಕೊಳ್ಳಬೇಕಾಗಿದ್ದವನು ಯಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆ ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅಕ್ಕಾರು ನನ್ನಿಂದ ಅಣ್ಣನ ಎಳೆ ಕಡಿಯುವ ಚಟದ ಕಥೆ ಕೇಳಿ ಎಲ್ಲರಿಗೂ ಹೇಳಿದರು. ಆ ತಾಯಿಯೇ ಮಗಳನ್ನು ಕರೆತಂದಳು. ಎಳೆ ಇನ್ನೂ ಜೋತಾಡುತ್ತಿತ್ತು. ಅಣ್ಣ ಒಡೆದ ತುಟಿಯಲ್ಲೇ ಅದನ್ನು ಕಚ್ಚಿ ತೆಗೆದ. ಹುಡುಗಿ ಕಿಸಕ್ಕನೆ ನಕ್ಕಿತು. ಹೊಡೆದವರನ್ನು ಮಾತ್ರ ಅಕ್ಕಾರು ಬಿಡಲಿಲ್ಲ, ಜೀಪು ಬಂದ ಮೇಲೆ ಹತ್ತಿಸಿಯೇ ಕಳಿಸಿದರು. "ಕೂಡ್ರಸೂದು ಬ್ಯಾರೆ, ಬಿಡೂದು ಬ್ಯಾರೆ" ಎಂದರು.

ತಿರುಗಿ ಬರುವಾಗ ಅಕ್ಕಾರು ನನ್ನ ಕಿವಿಯ ಹತ್ತಿರ ಬಗ್ಗಿದರು. "ಕೂಡ್ರತಾರೋ ಇಲ್ಲೋ ಅಂತ ನಂಗೂ ಖಾತ್ರಿ ಇರ್ಲಿಲ್ಲ" ಎಂದು ನನ್ನೊಬ್ಬಳಿಗೇ ಹೇಳಿದರು.

ಈಗ ಅಕ್ಕಾರಿಗೆ ಬೀಳಗಿ ಕಡೆಗೆ ವರ್ಗವಾಗಿದೆ. ಅವರ ಋಣ ನನ್ನಿಂದ ತೀರುವಂಥದ್ದಲ್ಲ, ತೀರಿಸುವ ಆಸೆಯೂ ನನಗಿಲ್ಲ. ಮೊನ್ನೆ ಫೋನ್ ಮಾಡಿದ್ದರು. "ಅಣ್ಣಾರು ಹ್ಯಾಂಗದಾರ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ಅಣ್ಣ ಓಣಿಗೆಲ್ಲ ಕೇಳುವಂತೆ ಒದರಿದ: "ಇನ್ನೊಂದು ರೊಟ್ಟಿ ತಾರ ಬೇ!"

ಆ ಕಡೆಯಿಂದ ಅಕ್ಕಾರು ನಕ್ಕರು. "ಆತು, ಕೇಳಿಸ್ತು. ಇಡ್ತೇನಿ" ಎಂದರು.