ಕಾಯಿ ಸುಲಿಸುವಾಗ ಹೇಳದ ಮಾತು

ನನ್ನ ಮೊಮ್ಮಗಳನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ! ನಾಳೆಯಿಂದಲೇ ಬಾ ಎಂದು ಫ್ಯಾಕ್ಟರಿಯಿಂದ ಇವತ್ತು ಮಧ್ಯಾಹ್ನ ಫೋನು ಬಂತು. ಅವಳು "ಹೂಂ ಸಾರ್, ಹೂಂ ಸಾರ್" ಎನ್ನುತ್ತಾ ನಿಂತಿದ್ದಳು, ನಾನು ಅವಳ ಮುಖವನ್ನೇ ನೋಡುತ್ತಾ ಕೂತಿದ್ದೆ. ಫೋನು ಇಟ್ಟವಳೇ ಬಂದು ನನ್ನ ಕೊರಳಿಗೆ ಜೋತುಬಿದ್ದಳು. ಇನ್ನೇನು ಇಬ್ಬರೂ ಉರುಳಿಬಿಡುತ್ತಿದ್ದೆವು. ಸೊಂಟ ಮುರಿದಿದ್ದರೂ ಇವತ್ತು ನನಗೆ ನೋವು ತಿಳಿಯುತ್ತಿರಲಿಲ್ಲ.

"ನಾಳೆ ಎಲ್ರೂ ಕೂತ್ಕೋತಾರೆ ಕಣಜ್ಜಿ! ಆಳಿಗೊಂದು ಸ್ಟೂಲು!" ಎಂದಳು.

ಸ್ಟೂಲಿಗೂ ನಮ್ಮ ಸಂತೋಷಕ್ಕೂ ಏನು ಸಂಬಂಧ ಎನ್ನುತ್ತೀರಿ. ಹೇಳುತ್ತೇನೆ. ನಮ್ಮ ಕಡೆ ತೆಂಗಿನಕಾಯಿಯನ್ನು ಒಣಪುಡಿ ಮಾಡಿ ಬಿಸ್ಕತ್ತು, ಮಿಠಾಯಿ ಮಾಡುವವರಿಗೆ ಕಳಿಸುವ ಫ್ಯಾಕ್ಟರಿಗಳಿವೆ. ತಿಪಟೂರು ರಸ್ತೆಯ ಅಂಥ ಒಂದು ಫ್ಯಾಕ್ಟರಿಯಲ್ಲಿ ನನ್ನ ಮಗನ ಮಗಳು ಕೆಲಸಕ್ಕಿದ್ದಳು. ಚಿಪ್ಪು ತೆಗೆದ ಕಾಯಿಯ ಕಂದು ಸಿಪ್ಪೆಯನ್ನು ಚಾಕುವಿನಿಂದ ಹೆರೆಯಬೇಕು. ಕಾಲಡಿ ಸದಾ ನೀರು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಒಂದು ದಿನ ಒಬ್ಬ ಬಸುರಿ ಅಲ್ಲಿ ಜಾರಿ ಬಿದ್ದಳು. ಮಗು ಉಳಿಯಿತು, ದೇವರು ದೊಡ್ಡವನು. ಹೆಂಗಸರೆಲ್ಲ ಸೇರಿ ಕೂರಲು ಸ್ಟೂಲು ಕೇಳಿದರು. "ಕೂತ್ರೆ ಕೈ ಓಡಲ್ಲ ಕಣ್ರಮ್ಮ" ಎಂದು ಮಾಲೀಕರು ನಕ್ಕುಬಿಟ್ಟರಂತೆ.

ಇನ್ನು ನನ್ನ ಮಗ. ತೋಟದ ಕಾಯಿಯನ್ನು ಅವನು ಅದೇ ಫ್ಯಾಕ್ಟರಿಗೆ ಹಾಕುವವನು. ಹೊರಗಿನ ನಾರಿನ ಸಿಪ್ಪೆ ಇರುವ ಕಾಯಿ ರಾಶಿಯಲ್ಲಿ ಎಷ್ಟು ತಿಂಗಳಾದರೂ ಸುಮ್ಮನೆ ಬಿದ್ದಿರುತ್ತದೆ. ಫ್ಯಾಕ್ಟರಿಯವರಿಗೆ ಸುಲಿದ ಕಾಯಿಯೇ ಬೇಕು. ಸುಲಿದ ಮೇಲೆ ಅದು ಕಾಯುವುದಿಲ್ಲ. ಬೇಸಿಗೆಯ ಝಳ ತಗುಲಿದರೆ ಚಿಪ್ಪು ಬಿರಿಯುತ್ತದೆ, ಬಿರಿದ ಕಾಯಿ ಕೆಡುತ್ತದೆ. ಅದಕ್ಕೇ ಇವತ್ತು ಸುಲಿಸಿ ನಾಳೆ ಸಾಗಿಸಿಬಿಡುವುದು ನಮ್ಮ ರೂಢಿ.

ಶಿವರಾತ್ರಿ ಕಳೆದಿತ್ತು. ಮಗ ಅಂಗಳದಲ್ಲಿ ಕಾಯಿ ಸುಲಿಸುತ್ತಿದ್ದ. ಆಳು, ನೆಲಕ್ಕೆ ನೆಟ್ಟಿದ್ದ ಹಾರೆಗೆ ಕಾಯಿ ಕುಕ್ಕಿ ಸುಲಿದು ಎಸೆಯುತ್ತಿದ್ದ, ಅವತ್ತು ರಜೆಯಿದ್ದ ಮೊಮ್ಮಗಳು ಆಯ್ದು ನೆರಳಿಗೆ ಹಾಕುತ್ತಿದ್ದಳು. ಸದಾ ಆ ಆಳಿನ ಜೊತೆ ಕೀಟಲೆ ಮಾಡುವ ಹುಡುಗಿ ಅವತ್ತು ಬಾಯೇ ಬಿಡಲಿಲ್ಲ.

"ಯಾಕೆ ಮಗಾ ಮಂಕಾಗಿದೀಯಾ?"

"ಏನಿಲ್ಲ ಬುಡಜ್ಜಿ, ತಲೆನೋವು."

ಮರುದಿನ ಬೆಳಿಗ್ಗೆ ಹೆಂಗಸರು ಕೆಲಸ ನಿಲ್ಲಿಸಿ ಫ್ಯಾಕ್ಟರಿ ಗೇಟಿನ ಮುಂದೆ ಕೂತರು. ಎಲ್ಲರಿಗಿಂತ ಮುಂದೆ ನಮ್ಮ ಹುಡುಗಿ. ಮಗನ ಕಾಯಿ ತುಂಬಿದ ಟೆಂಪೋ ಅಲ್ಲಿಗೆ ಹೋದಾಗ ಮಾಲೀಕರು ಹೊರಗೆ ಬಂದು, "ನಿನ್ ಮಗಳೇ ಬಾಗ್ಲಲ್ಲಿ ಕೂತವಳೆ. ನಿನ್ ಕಾಯಿ ನಾನು ಒಡೀಲಾ?" ಎಂದರಂತೆ. ಟೆಂಪೋ ಹೋದ ಹಾಗೆಯೇ ವಾಪಸ್ಸು ಬಂತು.

ಸಂಜೆ ಅವಳು ಮನೆಗೆ ಬಂದಾಗ ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ನನ್ ಎದ್ರಿಗೇ ಕಾಯಿ ಆಯ್ದಾಕ್ದೆ. ಒಂದ್ ಮಾತು ಹೇಳಿದ್ರೆ ಸುಲಿಸ್ತಿದ್ನಾ?"

"ಮನೇಲೂ ಬಾಯ್ಬಿಡಬಾರ್ದು ಅಂತ ಎಲ್ರೂ ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ವಿ ಅಪ್ಪಾ. ಮಾಲೀಕ್ರಿಗೆ ಗೊತ್ತಾಗಿದ್ರೆ ಹೊರಗಿಂದ ಜನ ತಂದ್ಬುಡೋರು."

"ನಾನು ನಿನ್ನಪ್ಪನೋ, ಅವ್ರ ಕಡೆಯೋನೋ?"

ಅವತ್ತಿನಿಂದ ಅಪ್ಪ ಮಗಳ ನಡುವೆ ಮಾತು ನಿಂತಿತು. ಅವಳು ಉಣ್ಣಲು ಕೂತರೆ ಅವನು ತೋಟಕ್ಕೆ ಹೋಗುತ್ತಿದ್ದ. ಅವನು ಕೂತರೆ ಅವಳು ಹಿತ್ತಲಿಗೆ.

ಬಿರಿದ ಕಾಯಿಯನ್ನು ನಾನೂ ಸೊಸೆಯೂ ಒಡೆದು ಹೋಳು ಮಾಡಿ ಒಣಗಿಸಿದೆವು. ಗೇಟಿನಿಂದ ಬಂದು ಮೊಮ್ಮಗಳೂ ತಲೆ ತಗ್ಗಿಸಿ ಒಡೆಯುತ್ತಿದ್ದಳು. ಊರಲ್ಲಿ ನಮ್ಮೊಬ್ಬರದೇ ಅಲ್ಲ, ಸುಲಿಸಿಟ್ಟಿದ್ದವರ ಕಾಯೆಲ್ಲ ಬಿರಿಯಿತು. ಟೀ ಅಂಗಡಿಯಲ್ಲಿ ನನ್ನ ಮಗನನ್ನು ಕಂಡರೆ, "ಅಪ್ಪ ಕಾಯಿ ಕಳಿಸ್ತಾನೆ, ಮಗಳು ಬಾಗ್ಲು ಹಾಕ್ತಾಳೆ, ಒಳ್ಳೇ ಸಂಸಾರ ಕಣ್ಲಾ!" ಎನ್ನುತ್ತಿದ್ದರಂತೆ. ಅವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ.

ನಾನು ಓದಿದವಳಲ್ಲ. ಮುಷ್ಕರದಿಂದ ಲೋಕಕ್ಕೆ ಒಳಿತೋ ಕೆಡುಕೋ ಎಂದು ಟಿವಿಯಲ್ಲಿ ಕೂತು ವಾದ ಮಾಡುವವರ ಹಾಗೆ ನನಗೆ ಹೇಳಲು ಬಾರದು. ಮೊಮ್ಮಗಳ ಊದಿದ ಕಾಲಿಗೆ ಎಣ್ಣೆ ತಿಕ್ಕುವಾಗ, ಕೇಳಿದ್ದು ಸರಿ, ಇನ್ನೂ ಮೊದಲೇ ಕೇಳಬೇಕಿತ್ತು ಅನ್ನಿಸುತ್ತಿತ್ತು. ಅಂಗಳಕ್ಕೆ ಬಂದು ಹುಳಿ ವಾಸನೆ ಹತ್ತಿದ ಕಾಯಿ ನೋಡಿದರೆ, ಇದು ಯಾರ ಮೇಲಿನ ಸಿಟ್ಟು, ಯಾರ ತಲೆಗೆ ಬಂತು ಅನ್ನಿಸುತ್ತಿತ್ತು. ಎರಡೂ ನಿಜವೇ. ಒಂದು ಮನೆಯೊಳಗೇ ಎರಡು ನಿಜ ಇದ್ದರೆ ಅಜ್ಜಿಯಾದವಳು ಎಲ್ಲಿ ನಿಲ್ಲಬೇಕು?

ಯುಗಾದಿ ಹೊತ್ತಿಗೆ ಮಾಲೀಕರು ಸ್ಟೂಲು ಕೊಡಲು ಒಪ್ಪಿದರು. ಎಲ್ಲರನ್ನೂ ಒಳಗೆ ಬಿಟ್ಟರು, ಇವಳೊಬ್ಬಳನ್ನು ಬಿಟ್ಟು. ಬಾಯಿ ಜೋರು ಎಂಬುದು ಇವಳ ತಪ್ಪು. ಮುಂಗಾರಿನ ಹೊತ್ತಿಗೆ ಸ್ಟೂಲುಗಳೂ ಬಂದವು. ಆದರೆ ಆ ಹೆಂಗಸರು ಏನು ಮಾಡಿದರು ಗೊತ್ತೇ? ಅವಳು ಬರುವವರೆಗೆ ನಾವು ಕೂರುವುದಿಲ್ಲ ಎಂದು ಸ್ಟೂಲನ್ನು ಗೋಡೆಗೆ ಸರಿಸಿ ನಿಂತೇ ಕೆಲಸ ಮಾಡಿದರು! ಸುದ್ದಿ ಕೇಳಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಆ ಬಸುರಿಯೂ ನಿಂತೇ ಇದ್ದಳಲ್ಲ.

ಆಗಿನಿಂದ ಮಗ ಸಂಜೆಯಾದರೆ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಿದ್ದ.

"ಇನ್ನೂ ನಿಂತೇ ಅವ್ರಂತಾ?"

"ಮಗಳು ಅಲ್ಲೇ ಅವಳೆ, ಅವಳನ್ನೇ ಕೇಳಪ್ಪ."

"ನೀನೇ ಹೇಳವ್ವ."

ಕೊನೆಗೆ ಇವತ್ತು ಫೋನು ಬಂತು. ನಾನು ಬಟ್ಟಲು ತುಂಬ ಬೆಲ್ಲ ಹಿಡಿದು ಬೀದಿಗೆ ಹೊರಟೆ. ಪಕ್ಕದ ಮನೆಯ ಹೆಂಗಸು ಅದೇ ಫ್ಯಾಕ್ಟರಿಯಲ್ಲಿ ಸಂಜೆ ಪಾಳಿಗೆ ಹೋಗುತ್ತಿದ್ದವಳು. ಹಗಲೆಲ್ಲ ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಬೇಕು, ಅವಳಿಗೆ ಸಂಜೆಯೇ ಆಗಬೇಕು. ಮುಷ್ಕರದಲ್ಲಿ ಫ್ಯಾಕ್ಟರಿ ಬಾಗಿಲು ಮುಚ್ಚಿದ್ದಾಗ ಪುಡಿ ಕೊಳ್ಳುವವರು ಬೇರೆ ಕಡೆ ಹೋದರೆಂದು ಸಂಜೆ ಪಾಳಿಯನ್ನೇ ತೆಗೆದುಹಾಕಿದ್ದಾರೆ. ನಾನು ಕೊಟ್ಟ ಬೆಲ್ಲವನ್ನು ಅವಳು ಬಾಯಿಗೆ ಹಾಕಲಿಲ್ಲ, ಅಂಗೈಯಲ್ಲೇ ಇಟ್ಟುಕೊಂಡಳು.

"ಒಳ್ಳೇದಾಯ್ತು ಬುಡಜ್ಜಿ. ಗೇಟಲ್ಲಿ ನಾನೂ ಅವಳ ಪಕ್ದಲ್ಲೇ ಕೂತಿದ್ದೆ. ಪಾಪ, ಅವಳ್ದೇನೂ ತಪ್ಪಿಲ್ಲ. ನನ್ ಪಾಳಿ ಮಾತ್ರ ಹೋಯ್ತು."

ಉಳಿದ ಮನೆಗಳಿಗೆ ಹೋಗದೆ ಬೆಲ್ಲದ ಬಟ್ಟಲು ಹಿಡಿದು ಹಿಂದಿರುಗಿದೆ. ಮನೆಗೆ ಬಂದು ಹೇಳಿದರೆ ಮೊಮ್ಮಗಳ ಮುಖದ ನಗೆ ಅರ್ಧಕ್ಕೆ ನಿಂತಿತು. "ನಾಳೆ ಹೋದ್ಕೂಡ್ಲೆ ಸಂಜೆ ಪಾಳಿ ಮಾತೆತ್ತಬೇಕು" ಎಂದಳು.

"ಇನ್ನೂ ಒಳಗೆ ಕಾಲೇ ಇಟ್ಟಿಲ್ಲ ಕಣೇ!" ಎಂದು ಸೊಸೆ ಹಣೆ ಚಚ್ಚಿಕೊಂಡಳು.

ಸಂಜೆ ಸೊಸೆ ಮುದ್ದೆ, ಬಸ್ಸಾರು ಮಾಡಿ, ಶಾವಿಗೆ ಪಾಯಸವನ್ನೂ ಕಾಯಿಸಿದಳು. ಮಗ ತೋಟದಿಂದ ಬಂದು ಕೈಕಾಲು ತೊಳೆದ. ಮೊಮ್ಮಗಳು ಆಗಲೇ ತಟ್ಟೆ ಮುಂದೆ ಕೂತಿದ್ದಳು. ಅವನು ಒಂದು ಗಳಿಗೆ ನಿಂತು, ಆಮೇಲೆ ಬಂದು ಅವಳ ಎದುರಿಗೇ ಕೂತ. ನಾವೂ ಕೂತೆವು. ಅರ್ಧ ಊಟವಾದ ಮೇಲೆ ಅವನು ತಟ್ಟೆ ನೋಡುತ್ತಲೇ ಹೇಳಿದ.

"ಇನ್ನೊಂದ್ ಸಲ ಗೇಟಲ್ಲಿ ಕೂರೋದಾದ್ರೆ ಮೊದ್ಲೇ ಹೇಳಮ್ಮ. ಕಾಯಿ ಸುಲಿಸಲ್ಲ."

ಹೂಂ ಅನ್ನು ಮಗಾ ಎಂದು ಒಳಗೇ ಬೇಡಿಕೊಂಡೆ. ಅವಳು ಬಾಯಲ್ಲಿದ್ದ ತುತ್ತು ನುಂಗಿದಳು.

"ಮಾತು ಕೊಟ್ಟಿದ್ರೆ ಹೇಳಕ್ಕಾಗಲ್ಲ ಅಪ್ಪಾ."

ಸೊಸೆಯ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಮಗ ತಲೆ ಎತ್ತಿ ಮಗಳನ್ನು ನೋಡಿದ. ನಗಲೂ ಇಲ್ಲ, ಗದರಲೂ ಇಲ್ಲ.

"ನೋಡ್ತಾ ಕೂತ್ಕೊಂಡ್ರೆ ಮುದ್ದೆ ಆರಿ ಹೋಯ್ತದೆ. ಅವಳಿಗೆ ಸಾರು ಬುಡು" ಎಂದ ಹೆಂಡತಿಗೆ. ಸೊಸೆ ಬಡಿಸಿದಳು. ಎಲ್ಲರೂ ಉಂಡೆವು.