ರೊಟ್ಟಿ ಒಲ್ಲದ ಅತಿಥಿ

ಎದೆಯೆತ್ತರದ ಬೋಳುತಲೆ ಕೊಕ್ಕರೆ ನಾನಿಟ್ಟ ಜೋಳದ ರೊಟ್ಟಿಯನ್ನು ಒಮ್ಮೆ ನೋಡಿ, ಬೆನ್ನು ತಿರುಗಿಸಿ, ಪಕ್ಕದ ಮನೆಯ ಹಣಮವ್ವನ ಹಿತ್ತಿಲಿಗೆ ನಡೆದುಬಿಟ್ಟಿತು. ಅವಳು ಸುರಪುರದ ಸಂತೆಯಲ್ಲಿ ಕಾಲುವೆ ಮೀನು ಮಾರುವವಳು; ಉಳಿದ ಕರುಳು, ಕೊಳೆತ ಮೀನು ಆ ಹಿತ್ತಿಲಲ್ಲೇ ಬಿದ್ದಿರುತ್ತವೆ. ಅಳಿಯುತ್ತಿರುವ ಹಕ್ಕಿ, ಕಾಪಾಡಿ ಎಂದು ಅರಣ್ಯ ಇಲಾಖೆಯವರು ಹೇಳಿದ್ದು ಇಬ್ಬರಿಗೂ. ಪೇಪರಿನಲ್ಲಿ ಫೋಟೊ ಬಂದದ್ದು ಮಾತ್ರ ಅವಳದು! ನಸುಕಿನಲ್ಲೇ ಅಂಗಳ ಸಾರಿಸಿ ರಂಗೋಲಿ ಹಾಕುವವಳು ನಾನು.

“ಹೊಲಸು ತಿಂದು ಊರ ಹಸನ ಮಾಡೋ ಹಕ್ಕಿ ಐತ್ರಿ ಅಕ್ಕಾರ, ನಿಮ್ಮ ರೊಟ್ಟಿ ಅದಕ್ಯಾಕ ಬೇಕ್ರಿ?” ಎಂದು ಹಣಮವ್ವ ನಕ್ಕಳು. ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಮೀನಿನ ಹೆಸರೂ ಎತ್ತದ ಮನೆ ನಮ್ಮದು. ಆದರೂ ಈಗ ಮೂಗಿಗೆ ಸೆರಗು ಹಿಡಿದು, ಅವಳ ಮೀನಿನ ಕಸವನ್ನು ನಮ್ಮ ಹುಣಸೆಮರದಡಿ ನಾನೇ ಸುರಿಯುತ್ತೇನೆ. ಅತ್ತೆ ಮಾತು ಬಿಟ್ಟಿದ್ದಾರೆ. ಕೊಕ್ಕರೆ ಬರುತ್ತಿದೆ.